ಅರಬೈಲು ಘಟ್ಟ ಹತ್ತಿ ಬರುವ ಏಡಿ

ಹುಬ್ಬಳ್ಳಿಯ ನನ್ನ ಅಡುಗೆಮನೆಗೆ ಜೀವಂತ ಏಡಿ ಎರಡು ದಿಕ್ಕಿನಿಂದ ಬರುತ್ತದೆ. ಕಾರವಾರ, ಅಂಕೋಲಾ, ಕುಮಟಾ ಕಡೆಯ ಅಳಿವೆಗಳ ಕೆಸರು ಏಡಿ ಅರಬೈಲು ಘಟ್ಟ ಹತ್ತಿ, ಯಲ್ಲಾಪುರ, ಕಲಘಟಗಿ ದಾಟಿ ಬರುತ್ತದೆ. ಮಳೆಗಾಲದಲ್ಲಿ ಹಾನಗಲ್ಲ ಕಡೆಯ ಗದ್ದೆ, ಕಾಲುವೆಗಳ ಸಿಹಿನೀರಿನ ಏಡಿ ಬುಟ್ಟಿಯಲ್ಲಿ ಬರುತ್ತದೆ. ಸಮುದ್ರದ ನೀಲಿ ಏಡಿ ನೀರು ಬಿಟ್ಟರೆ ಹೆಚ್ಚು ಹೊತ್ತು ಬದುಕುವುದಿಲ್ಲ. ಅದು ಮಂಜುಗಡ್ಡೆಯಲ್ಲಿ ಸತ್ತೇ ಬರುತ್ತದೆ, ಸಿಗಡಿಯೂ ಹಾಗೆಯೇ. ಹೀಗಾಗಿ ಮೀನೂಟದ ನನ್ನ ಚಿಕ್ಕ ಹೋಟೆಲಿನಲ್ಲಿ ಕೊಲ್ಲುವ ಕೆಲಸ ಇರುವುದು ಕೆಸರು ಏಡಿ ಮತ್ತು ಗದ್ದೆ ಏಡಿಗೆ ಮಾತ್ರ. ಏಡಿ ತಿನ್ನಬೇಡಿ ಎಂದು ಹೇಳುವವನು ನಾನಲ್ಲ. ಅದನ್ನು ಮಾರಿ ಬಂದ ಹಣ ನನ್ನ ಸಂಸಾರಕ್ಕೂ ಸೇರುತ್ತದೆ.

ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದುವ ನನ್ನ ಸೋದರಳಿಯ ಒಮ್ಮೆ ಒಲೆಯ ಪಕ್ಕ ನಿಂತು, "ಮಾಮಾ, ಇದಕ್ಕೆ ನೋವಾಗುತ್ತದೆ ಎಂಬುದು ನಿಮಗೆ ಗೊತ್ತೇ?" ಎಂದು ಕೇಳಿದ. ಮುಟ್ಟಿದರೆ ಮುದುಡುವುದು ನೋವಲ್ಲ ಎಂದೆ. ಅವನು ಬೆಲ್‌ಫಾಸ್ಟ್‌ನ ರಾಬರ್ಟ್ ಎಲ್‌ವುಡ್ ಎಂಬ ವಿಜ್ಞಾನಿಯ ಪ್ರಯೋಗಗಳನ್ನು ವಿವರಿಸಿದ. ಏಡಿಗಳಿಗೆ ಅಡಗಲು ಎರಡು ಕತ್ತಲೆಯ ಗೂಡು ಇಟ್ಟು, ಒಂದರಲ್ಲಿ ಮಾತ್ರ ಸಣ್ಣ ವಿದ್ಯುತ್ ಹೊಡೆತ ಕೊಟ್ಟರೆ, ಬೇಗನೆ ಅವು ಆ ಗೂಡನ್ನು ಬಿಟ್ಟು ಇನ್ನೊಂದಕ್ಕೆ ಹೋಗಲು ಕಲಿಯುತ್ತವೆ. ಶಂಖದ ಚಿಪ್ಪಿನಲ್ಲಿ ವಾಸಿಸುವ ಸನ್ಯಾಸಿ ಏಡಿಯದು ಇನ್ನೂ ಸ್ವಾರಸ್ಯ. ಹೊಡೆತ ಬಿದ್ದಾಗ ಅದು ಇಷ್ಟವಿಲ್ಲದ ಚಿಪ್ಪನ್ನು ಸುಲಭವಾಗಿ ಬಿಡುತ್ತದೆ, ಇಷ್ಟದ ಚಿಪ್ಪಾದರೆ ಸಹಿಸಿಕೊಂಡು ಕೂರುವುದೇ ಹೆಚ್ಚು. ಲಾಭ ನಷ್ಟ ತೂಗುವ ಪ್ರಾಣಿಗೆ ಬರೀ ಮುದುಡುವಿಕೆ ಎನ್ನುವುದು ನನಗೆ ಆಮೇಲೆ ಕಷ್ಟವಾಯಿತು.

ಏಡಿಯ ಕಷ್ಟವೆಂದರೆ ಕುದಿಯುವ ನೀರು ಎಂದೇ ಎಲ್ಲರೂ ಮಾತನಾಡುತ್ತಾರೆ. ಕುದಿನೀರು ಕೆಲವು ನಿಮಿಷದ್ದು, ದಾರಿ ಇಡೀ ದಿನದ್ದು. ನಾನು ಮೊದಲು ಬದಲಿಸಿದ್ದು ದಾರಿಯನ್ನೇ. ಕಿವಿರು ಒದ್ದೆಯಾಗಿದ್ದರೆ ಕೆಸರು ಏಡಿ ನೀರಿಲ್ಲದೆಯೂ ಕೆಲವು ದಿನ ಬದುಕಬಲ್ಲದು. ಅದನ್ನು ಕೊಲ್ಲುವುದು ಬಿಸಿಲು ಮತ್ತು ಗಾಳಿ. ಇನ್ನೊಂದು ಶತ್ರು, ಕರುಣೆಯಿಂದ ಬಕೆಟ್ಟಿಗೆ ಸುರಿದ ನೀರು! ನಿಂತ ನೀರಿನ ಆಮ್ಲಜನಕ ಬೇಗ ಮುಗಿದು ಏಡಿ ಉಸಿರುಗಟ್ಟಿ ಸಾಯುತ್ತದೆ. ಕರಗಿದ ಮಂಜುಗಡ್ಡೆಯ ಸಿಹಿನೀರಿನಲ್ಲಿ ನೆನೆಯುವುದೂ ಉಪ್ಪುನೀರಿನ ಏಡಿಗೆ ಹಿಂಸೆ. ಹಾಗಾಗಿ ಕಳುಹಿಸುವವರಿಗೆ ನನ್ನ ಷರತ್ತು ಇಷ್ಟು: ತಳದಲ್ಲಿ ನೀರು ನಿಲ್ಲದ ಬುಟ್ಟಿ, ಮೇಲೆ ಉಪ್ಪುನೀರಿನಲ್ಲಿ ಅದ್ದಿದ ಗೋಣಿ, ರಾತ್ರಿಯ ಗಾಡಿ, ಒಂದರ ಮೇಲೊಂದು ಹೆಚ್ಚು ಪೇರಿಸಬಾರದು. ಮುಂಗಾಲುಗಳನ್ನು ಹಗ್ಗದಿಂದ ಕಟ್ಟಬಹುದು, ಮುರಿಯಬಾರದು. ಸತ್ತು ಬಂದದ್ದಕ್ಕೆ ಹಣವಿಲ್ಲ, ಕಾಲು ಪೂರ್ತಿ ಇದ್ದದ್ದಕ್ಕೆ ಸ್ವಲ್ಪ ಹೆಚ್ಚು. ಉಪದೇಶಕ್ಕೆ ತಲೆಯಾಡಿಸಿ ಸುಮ್ಮನಾಗಿದ್ದವರು ಈ ಹೆಚ್ಚಿನ ದರಕ್ಕೆ ಕೂಡಲೇ ಬದಲಾದರು.

ಕೊಲ್ಲುವ ಬಗೆ ಹೀಗಿದೆ. ದೊಡ್ಡ ಪಾತ್ರೆಯಲ್ಲಿ ಪುಡಿ ಮಂಜುಗಡ್ಡೆ ಮತ್ತು ನೀರು ಬೆರೆಸುತ್ತೇನೆ. ಕೆಸರು ಏಡಿಗಾದರೆ ಲೀಟರಿಗೆ 30 ಗ್ರಾಂನಷ್ಟು ಉಪ್ಪು ಹಾಕುತ್ತೇನೆ, ಗದ್ದೆ ಏಡಿಗೆ ಉಪ್ಪಿಲ್ಲ. ಬಿಸಿ ನಾಡಿನ ಏಡಿ ಈ ಚಳಿಯಲ್ಲಿ ಜಡವಾಗುತ್ತದೆ. 20 ನಿಮಿಷಕ್ಕಿಂತ ಮೊದಲು ಹೊರಗೆ ತೆಗೆಯುವುದಿಲ್ಲ. ಕಣ್ಣಿನ ಬಳಿ ಮುಟ್ಟಿದರೂ ಕಣ್ಣು ಒಳಗೆಳೆದುಕೊಳ್ಳಬಾರದು, ಹೊಟ್ಟೆಯ ಮಡಿಕೆ ಬಿಗಿ ಹಿಡಿಯದೆ ಎತ್ತಿದಂತೆ ಬರಬೇಕು. ಅಲ್ಲಿಗೆ ಮುಗಿಯಿತೆಂದಲ್ಲ, ಅಲುಗಾಡದ ಏಡಿಗೆ ನೋವೂ ಇಲ್ಲ ಎಂದು ಹೇಳಲಾಗದು. ಏಡಿಯ ನರಮಂಡಲದ ಮುಖ್ಯ ಗಂಟುಗಳು ಎರಡು: ಒಂದು ಮುಂದೆ ಕಣ್ಣುಗಳ ಹತ್ತಿರ, ಇನ್ನೊಂದು ಹೊಟ್ಟೆಯ ಕಡೆ. ಅಂಗಾತ ಮಲಗಿಸಿ, ಮಡಿಕೆ ಎತ್ತಿದರೆ ಕಾಣುವ ಸಣ್ಣ ಕುಳಿಯಲ್ಲಿ ಚೂಪು ಸಲಾಕೆಯನ್ನು ಒಮ್ಮೆ ಇಳಿಸಿ, ತಕ್ಷಣ ಮುಂಭಾಗದಲ್ಲಿ ಇನ್ನೊಮ್ಮೆ. ಸಲಾಕೆಯನ್ನು ನಮ್ಮ ಓಣಿಯ ಕಂಬಾರರಿಂದ ಮಾಡಿಸಿದ್ದೇನೆ. ವಿದ್ಯುತ್ ಹೊಡೆತದಿಂದ ಏಡಿಯ ಪ್ರಜ್ಞೆ ತಪ್ಪಿಸುವ ಯಂತ್ರಗಳೂ ಇವೆ, ಆದರೆ ನನ್ನಷ್ಟು ಸಣ್ಣ ವ್ಯಾಪಾರಕ್ಕೆ ಅವು ಹೊಂದುವುದಿಲ್ಲ.

ನಮ್ಮ ಹಿರಿಯ ಅಡುಗೆಯವರಿಗೆ ಇದೆಲ್ಲ ನಗೆಪಾಟಲಾಗಿತ್ತು. "ಹೇಗೂ ಸಾಯುವುದಕ್ಕೆ ಇಷ್ಟೊಂದು ಸೇವೆ ಏಕೆ, ಯಜಮಾನರೇ?" ಎಂದರು. ಎಲ್‌ವುಡ್ ಅವರನ್ನು ಒಲಿಸಲಿಲ್ಲ, ತಟ್ಟೆ ಒಲಿಸಿತು. ಜೀವಂತ ಏಡಿಯನ್ನು ಕುದಿನೀರಿಗೆ ಹಾಕಿದರೆ ಅದು ತನ್ನ ಕಾಲುಗಳನ್ನು ತಾನೇ ಕಳಚಿ ಹಾಕುತ್ತದೆ. ಅಪಾಯದಿಂದ ಪಾರಾಗಲು ಪ್ರಕೃತಿ ಕೊಟ್ಟ ಉಪಾಯ ಅದು. ಮೊದಲೇ ಕೊಂದ ಏಡಿಯ ಕಾಲು ಬೀಳುವುದಿಲ್ಲ. ಇಡೀ ಏಡಿ ಬಡಿಸಬಹುದು ಎಂದ ಮೇಲೆ ಸಲಾಕೆ ಅವರ ಕೈಗೇ ಹೋಯಿತು. ಒಂದು ಎಚ್ಚರಿಕೆ: ಸತ್ತ ಏಡಿ ಬೇಗ ಕೆಡುತ್ತದೆ. ಕೊಂದ ಕೂಡಲೇ ಶುಚಿ ಮಾಡಿ ಒಲೆಗೇರಿಸಬೇಕು.

ಸ್ವಿಟ್ಜರ್ಲೆಂಡ್ 2018ರಲ್ಲಿ ಪ್ರಜ್ಞೆ ತಪ್ಪಿಸದೆ ಕುದಿಸುವುದನ್ನು ನಿಷೇಧಿಸಿತು. ಬ್ರಿಟನ್ನಿನಲ್ಲಿ 300ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿದ 2021ರ ವರದಿಯ ನಂತರ, 2022ರ ಕಾಯ್ದೆ ಏಡಿ, ಸಿಗಡಿಗಳನ್ನೂ ಸಂವೇದನೆಯುಳ್ಳ ಪ್ರಾಣಿಗಳೆಂದು ಒಪ್ಪಿಕೊಂಡಿತು. ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮನುಷ್ಯನನ್ನು ಬಿಟ್ಟು ಜೀವವಿರುವುದೆಲ್ಲವೂ 'ಪ್ರಾಣಿ'. ಆಹಾರಕ್ಕಾಗಿ ಕೊಲ್ಲಲು ವಿನಾಯಿತಿ ಇದೆ, ಅನಗತ್ಯ ನೋವು ಕೊಟ್ಟರೆ ಆ ವಿನಾಯಿತಿ ಇಲ್ಲ. ನನ್ನ ಮಟ್ಟಿಗೆ ಅಷ್ಟು ಸಾಕು.

ನನ್ನ ಕೈ ಎಟುಕದ ಜಾಗಗಳೂ ಇವೆ. ಸಾಕಿದ ಸಿಗಡಿಯ ಮರಿ ಮಾಡಿಸುವ ಕೇಂದ್ರಗಳಲ್ಲಿ ತಾಯಿ ಸಿಗಡಿ ಬೇಗ ಮೊಟ್ಟೆಗೆ ಬರಲೆಂದು ಅದರ ಒಂದು ಕಣ್ಣಿನ ಕಾಂಡವನ್ನೇ ಕತ್ತರಿಸುವ ಪದ್ಧತಿಯಿದೆ. ಮೊಟ್ಟೆಯನ್ನು ತಡೆಯುವ ಹಾರ್ಮೋನು ಹುಟ್ಟುವುದು ಅಲ್ಲಿ. ಮಂಜುಗಡ್ಡೆಯಲ್ಲಿ ಬಂದ ಸಿಗಡಿಯನ್ನು ನೋಡಿ ಅದರ ತಾಯಿಗೆ ಏನಾಯಿತೆಂದು ಹೇಳಲು ಯಾರಿಂದಲೂ ಆಗದು.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಗದ್ದೆ ಏಡಿಯನ್ನು ಕೇಳುವವರು ಹೆಚ್ಚು. ಸಿಹಿನೀರಿನ ಏಡಿಯ ಮೊಟ್ಟೆಯಿಂದ ನೇರವಾಗಿ ಪುಟ್ಟ ಏಡಿಗಳೇ ಹೊರಬರುತ್ತವೆ, ಕೆಲವು ಕಾಲ ತಾಯಿಯ ಮಡಿಕೆಯೊಳಗೇ ಇರುತ್ತವೆ. ಬುಟ್ಟಿ ತರುವ ಹಾನಗಲ್ಲಿನ ಅಕ್ಕ, "ಮರಿ ಇದ್ದರೆ ತೂಕ ಹೆಚ್ಚು, ತೆಗೆದುಕೊಳ್ಳಿ ಅಣ್ಣಾ" ಎನ್ನುತ್ತಾರೆ. ಪ್ರತಿಯೊಂದರ ಮಡಿಕೆ ಎತ್ತಿ ನೋಡಿ, ಮರಿ ಹೊತ್ತದ್ದನ್ನು ಬುಟ್ಟಿಗೇ ಹಾಕಿ ಹಿಂದಿರುಗಿಸುತ್ತೇನೆ. ಇತ್ತೀಚೆಗೆ ಅವರು ಅಂಥವನ್ನು ಕಾಲುವೆಯಲ್ಲೇ ಬಿಟ್ಟು ಬರುತ್ತಿದ್ದಾರೆ. ಹೊತ್ತು ತಂದು ಹೊತ್ತೊಯ್ಯುವ ಕೂಲಿ ಯಾರು ಕೊಡುತ್ತಾರೆ ಎಂಬುದು ಅವರ ವಾದ.