ಐದಡಿ ಎಂಟಿಂಚಿನ ಹುಡುಗನಿಗಾಗಿ ಎರಡು ಸೀಸನ್

ಎನ್‌ಎಚ್‌ಎಲ್ ಐಸ್ ಹಾಕಿ ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನ ಐದನೇ ಸುತ್ತಿನಲ್ಲಿ ಆ ಹುಡುಗನ ಹೆಸರು ಕೂಗಿದಾಗ ಕೆನಡಾದ ಬ್ರಾಂಪ್ಟನ್‌ನ ಮನೆಯಲ್ಲಿ ನಾನು ಕುಣಿದುಬಿಟ್ಟೆ. ಹಿಂದಿನ ವರ್ಷ ಏಳೂ ಸುತ್ತು ಮುಗಿದರೂ ಯಾರೂ ಅವನನ್ನು ಮುಟ್ಟಿರಲಿಲ್ಲ. ಎತ್ತರ ಐದಡಿ ಎಂಟಿಂಚು, ಅಷ್ಟೇ ಕಾರಣ. ನಾನು ಸ್ಕೌಟ್, ಹುಡುಗರ ಆಟ ನೋಡಿ ವರದಿ ಮಾರುವವನು; ಎರಡು ಸೀಸನ್ ಬಿಡದೆ ಅವನ ಪರ ವರದಿ ಬರೆದೆ. "ಸುಮ್ನೆ ಯಾಕೆ ಪೆಟ್ರೋಲ್ ಸುಡ್ತೀಯ?" ಅಂತ ಜೊತೆಯ ಸ್ಕೌಟ್‌ಗಳು ಕೇಳುತ್ತಿದ್ದರು. ಈಗ ಅವರೇ ಫೋನ್ ಮಾಡುತ್ತಾರೆ.

ಮೊದಲ ಮೂರು ವರ್ಷ ನಾನೂ ಪಾಯಿಂಟ್ (ಗೋಲು ಮತ್ತು ಅಸಿಸ್ಟ್ ಅಂದರೆ ಗೋಲಿಗೆ ಕೊಟ್ಟ ಪಾಸ್ ಸೇರಿ) ನೋಡಿ ಮೋಸಹೋದೆ. ಒಬ್ಬ ಗಿಡ್ಡ ವಿಂಗರ್ (ಬದಿಯಲ್ಲಿ ಆಡುವ ಮುಂಚೂಣಿ ಆಟಗಾರ) 68 ಪಂದ್ಯಕ್ಕೆ ಸುಮಾರು 85 ಪಾಯಿಂಟ್ ಮಾಡಿದ್ದ. ಎರಡನೇ ಸುತ್ತಿನ ಆಟಗಾರ ಅಂತ ಬರೆದುಕೊಟ್ಟೆ. ಯಾರೂ ತೆಗೆದುಕೊಳ್ಳಲಿಲ್ಲ. ಆಮೇಲೆ ವಿಡಿಯೋ ಹಾಕಿ ಎಣಿಸಿದರೆ ಹತ್ತಿರ ಹತ್ತಿರ ಅರ್ಧ ಪವರ್ ಪ್ಲೇಯಲ್ಲಿ, ಅಂದರೆ ಎದುರಾಳಿಯಲ್ಲಿ ಒಬ್ಬ ಕಡಿಮೆ ಇದ್ದಾಗ ಬಂದದ್ದು. ಉಳಿದದ್ದರಲ್ಲಿ ಎರಡನೇ ಅಸಿಸ್ಟೇ, ಅಂದರೆ ಕೊನೆಯ ಪಾಸ್‌ಗಿಂತ ಹಿಂದಿನ ಪಾಸೇ ಜಾಸ್ತಿ. ಎರಡೂ ಕಡೆ ಐದೈದು ಮಂದಿ ಇರುವ ಮಾಮೂಲಿ ಆಟದಲ್ಲಿ ಹುಡುಗ ಗೋಲಿನ ಮುಂದಕ್ಕೆ ಬರುತ್ತಲೇ ಇರಲಿಲ್ಲ. ವರದಿ ಕೊಳ್ಳುತ್ತಿದ್ದ ಏಜೆನ್ಸಿ ಮರುವರ್ಷ ನನ್ನನ್ನು ಕೈಬಿಟ್ಟಿತು. ಆ ಸೀಸನ್ ಟಿಕೆಟ್, ಹೋಟೆಲ್, ಪೆಟ್ರೋಲ್ ಸೇರಿ 6,000 ಡಾಲರ್ ಹತ್ತಿರ ಹೋಗಿತ್ತು. ಬಂದದ್ದು 1,500 ಇರಬಹುದು. ಮನೆಯಲ್ಲಿ ಆ ಲೆಕ್ಕ ಹೇಳಲು ಕಷ್ಟವಾಯಿತು.

ದಾರಿ ತೋರಿಸಿದ್ದು ಇನ್ನೊಬ್ಬ ಗಿಡ್ಡ ವಿಂಗರ್ ಅಲೆಕ್ಸ್ ಡೆಬ್ರಿಂಕ್ಯಾಟ್ ಆಟ. 2014-15ರಲ್ಲಿ ಜೂನಿಯರ್ ತಂಡ ಈರಿ ಆಟರ್ಸ್‌ಗೆ 51 ಗೋಲು ಹೊಡೆದಾಗ ಅದೆಲ್ಲ ತಂಡದ ತಾರೆ, ಸೆಂಟರ್ (ಮಧ್ಯದಲ್ಲಿ ಆಡುವವ) ಕಾನರ್ ಮೆಕ್‌ಡೇವಿಡ್ ಜೊತೆಗಿದ್ದ ಪುಣ್ಯ ಅಂದವರು ಬಹಳ. ಮೆಕ್‌ಡೇವಿಡ್ ಎನ್‌ಎಚ್‌ಎಲ್‌ನ ಎಡ್ಮಂಟನ್‌ ತಂಡಕ್ಕೆ ಹೋದ ಮೇಲೂ ಮತ್ತೆ 51. ಆದರೂ 2016ರ ಡ್ರಾಫ್ಟ್‌ನಲ್ಲಿ 39ನೆಯವನಾಗಿ ಹೋದ. ಇಂಥ ತಪ್ಪು ಆಗಬಾರದಿತ್ತು, ಅಲ್ವಾ? ಇದಾದ ಮೇಲೆ ಸೆಂಟರ್ ಬದಲಾದ ಪಂದ್ಯಗಳಿಗೆ ನೋಟ್‌ಬುಕ್‌ನಲ್ಲಿ ಬೇರೆ ಪುಟ ಇಟ್ಟೆ.

ಈಗ ನಾನು ಎಣಿಸುವುದು ಸಣ್ಣ ಸಣ್ಣ ವಿಷಯ. ಮೂಲೆಯಲ್ಲಿರುವ ಪಕ್ (ಆಟದ ರಬ್ಬರ್ ಬಿಲ್ಲೆ) ಮುಟ್ಟುವ ಮೊದಲು ಹುಡುಗ ಎಷ್ಟು ಸಲ ಹೆಗಲ ಹಿಂದೆ ನೋಡಿದ? ಎದುರಾಳಿಯ ಮೈ ಡಿಕ್ಕಿ, ಅಂದರೆ ಹಿಟ್ ಬೀಳುವ ಮೊದಲೇ ಪಾಸ್ ಹೋಯಿತಾ? ಹಿಟ್ ತಿಂದ ಮೇಲೆ ಮುಂದಿನ ಸಲ ಐಸ್‌ಗೆ ಇಳಿದಾಗ ಮತ್ತೆ ಗೋಲಿನ ಮುಂದಕ್ಕೆ ಹೋದನಾ? ಮೂರು ದಿನಕ್ಕೆ ಮೂರು ಪಂದ್ಯ ಬಿದ್ದ ವಾರದಲ್ಲಿ ಮೂರನೆಯದನ್ನು ತಪ್ಪಿಸಬೇಡಿ. ಗಿಡ್ಡ ಹುಡುಗನ ಕಾಲಲ್ಲಿ ಎಷ್ಟು ದಮ್ಮಿದೆ ಅಂತ ಗೊತ್ತಾಗುವುದು ಅಲ್ಲೇ. ಹನ್ನೆರಡು ಪಂದ್ಯಕ್ಕಿಂತ ಕಡಿಮೆ ನೋಡಿದವನ ಬಗ್ಗೆ ನಾನು ಬರೆಯುವುದಿಲ್ಲ. ಇನ್ನೊಂದು ಎಣಿಕೆ ಇದೆ, ವಾರ್ಮ್‌ಅಪ್ ಹೊತ್ತಿನದು. ಅದು ನನ್ನ ಅನ್ನ, ಹೇಳಲಾರೆ.

ಒಂದು ಚಳಿಗಾಲ ಲಾಬಿಯಲ್ಲಿ ಕಾಫಿ ಹಿಡಿದು ನಲವತ್ತು ಅಪ್ಪ ಅಮ್ಮಂದಿರ ಎತ್ತರ ಅಂದಾಜು ಮಾಡಿದೆ. ಹುಡುಗರು ಇನ್ನೆಷ್ಟು ಬೆಳೆಯಬಹುದು ಅನ್ನುವ ಆಸೆ. ಏನೂ ಹೊಂದಲಿಲ್ಲ. ಹುಟ್ಟಿದ ದಿನ ಮಾತ್ರ ಕೆಲಸಕ್ಕೆ ಬಂತು. ಡ್ರಾಫ್ಟ್‌ಗೆ ವಯಸ್ಸು ಎಣಿಸುವ ಗಡಿ ಸೆಪ್ಟೆಂಬರ್ 15. ಗಡಿಗೆ ಎರಡು ದಿನ ಮೊದಲು ಹುಟ್ಟಿದವನು ತನಗಿಂತ ಸುಮಾರು ಒಂದು ವರ್ಷ ದೊಡ್ಡವರ ಜೊತೆ ಅಳೆಸಿಕೊಳ್ಳುತ್ತಾನೆ. ಆ ಐದನೇ ಸುತ್ತಿನ ಹುಡುಗನೂ ಸೆಪ್ಟೆಂಬರ್‌ನವನೇ.

ಡಿಫೆನ್ಸ್‌ನವರಿಗೆ ನನ್ನ ಲೆಕ್ಕ ಇನ್ನೂ ಕೂಡಿಬಂದಿಲ್ಲ. 2022ರಲ್ಲಿ 62ನೆಯವನಾಗಿ ಮಾಂಟ್ರಿಯಲ್‌ ತಂಡಕ್ಕೆ ಹೋದ ಗಿಡ್ಡ ಡಿಫೆನ್ಸ್ ಆಟಗಾರ ಲೇನ್ ಹಟ್ಸನ್‌ಗೆ ನಾನೂ ಕಡಿಮೆ ಅಂಕ ಕೊಟ್ಟಿದ್ದೆ. 2025ರಲ್ಲಿ ಅವನು ಲೀಗ್‌ನ ಶ್ರೇಷ್ಠ ಹೊಸಬನ ಪ್ರಶಸ್ತಿ ಕ್ಯಾಲ್ಡರ್ ಗೆದ್ದ. ಡಿಫೆನ್ಸ್‌ನವರಿಗೆ ಹೊಸ ಪುಟ ಶುರು ಮಾಡಿದ್ದೇನೆ. ಶುಕ್ರವಾರ ಪಂದ್ಯ ನೋಡಲು ಸಡ್ಬರಿ ಊರಿಗೆ ಹೊರಡಬೇಕು. ನಾಲ್ಕು ಗಂಟೆಯ ದಾರಿ, ಹಿಮ ಬಿದ್ದರೆ ಆರು.