ಕಂಕುಳಿಗೆ ಕ್ಯಾನ್ಸರ್ ಹರಡಿದೆಯೇ? ಆಪರೇಷನ್ ನಡುವೆಯೇ ನೋಡುವ ಬಗೆ

ಸ್ತನ ಕ್ಯಾನ್ಸರ್‌ಗೆಂದು ಕಂಕುಳಿನ ದುಗ್ಧಗ್ರಂಥಿಗಳನ್ನು ಪೂರ್ತಿ ತೆಗೆದ ಮೇಲೆ ಎಷ್ಟೋ ಮಹಿಳೆಯರಿಗೆ ಕೈ ಬಾವು ವರ್ಷಗಟ್ಟಲೆ ಕಾಡುತ್ತದೆ. ಕ್ಯಾನ್ಸರ್ ಅಲ್ಲಿಗೆ ತಲುಪಿರದಿದ್ದರೆ ಈ ಕಷ್ಟ ಏಕೆ ಪಡಬೇಕು? ಅದಕ್ಕೇ ‘ಸೆಂಟಿನೆಲ್ ನೋಡ್’ ಪರೀಕ್ಷೆ. ಸ್ತನದಿಂದ ಹೊರಟ ದುಗ್ಧರಸ ಮೊದಲು ಸೇರುವ ಒಂದೆರಡು ಗ್ರಂಥಿಗಳಿಗೆ ಈ ಹೆಸರು. ಅವುಗಳಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಮುಂದಿನವುಗಳಲ್ಲೂ ಇರುವ ಸಾಧ್ಯತೆ ತೀರಾ ಕಡಿಮೆ.

ಮೊದಲು ಕಂಕುಳಿನ ಅಲ್ಟ್ರಾಸೌಂಡ್. ಗ್ರಂಥಿಯ ಮೇಲೆ ಅನುಮಾನ ಬಂದರೆ ಸೂಜಿ ಪರೀಕ್ಷೆ ಅಲ್ಲೇ ಆಗಬೇಕು.

ಆಪರೇಷನ್‌ಗೆ ಮುನ್ನ ಮೊಲೆತೊಟ್ಟಿನ ಸುತ್ತ ಅಥವಾ ಗಡ್ಡೆಯ ಬಳಿ ಟೆಕ್ನಿಷಿಯಂ-99ಎಂ ಎಂಬ ವಿಕಿರಣ ದ್ರವವನ್ನೋ, ನೀಲಿ ಬಣ್ಣವನ್ನೋ, ಎರಡನ್ನೂ ಸೇರಿಸಿಯೋ ಚುಚ್ಚುತ್ತಾರೆ. ಎರಡನ್ನೂ ಬಳಸಿದರೆ ಗ್ರಂಥಿ ಕೈತಪ್ಪುವುದು ಕಡಿಮೆ. ಆಮೇಲೆ ಕಂಕುಳಲ್ಲಿ ಸಣ್ಣ ಗಾಯ ಮಾಡಿ, ವಿಕಿರಣ ಪತ್ತೆಹಚ್ಚುವ ಗಾಮಾ ಪ್ರೋಬ್ ಎಂಬ ಉಪಕರಣ ಸದ್ದು ಮಾಡಿ ತೋರಿಸುವ ಗ್ರಂಥಿ, ನೀಲಿ ತಿರುಗಿದ ಗ್ರಂಥಿ, ಕೈಗೆ ಗಟ್ಟಿಯಾಗಿ ಸಿಗುವ ಗ್ರಂಥಿ ಮೂರನ್ನೂ ತೆಗೆಯುತ್ತಾರೆ. ಗಾಮಾ ಪ್ರೋಬ್ ಎಲ್ಲ ಕಡೆ ಇರುವುದಿಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಕಂಕುಳಿನ ಕೆಳಭಾಗದ ಗ್ರಂಥಿಗಳನ್ನಷ್ಟೇ ತೆಗೆದು ನೋಡುವ ಕ್ರಮವನ್ನು ರೂಢಿಗೆ ತಂದದ್ದು ನಮ್ಮಂಥ ದೇಶಕ್ಕೆ ದೊಡ್ಡ ಉಪಕಾರ ಎಂದೇ ನನ್ನ ನಂಬಿಕೆ.

ರೋಗಿ ಇನ್ನೂ ಅರಿವಳಿಕೆಯಲ್ಲಿರುವಾಗಲೇ ಗ್ರಂಥಿ ಪ್ಯಾಥಾಲಜಿ ಕೊಠಡಿಗೆ ಹೋಗುತ್ತದೆ. ಅಲ್ಲಿ ಅದನ್ನು ಹೆಪ್ಪುಗಟ್ಟಿಸಿ, ತೆಳ್ಳಗೆ ಸೀಳಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದೇ ಫ್ರೋಜನ್ ಸೆಕ್ಷನ್. ಸುಮಾರು ಅರ್ಧ ಗಂಟೆಯಲ್ಲಿ ಉತ್ತರ ಥಿಯೇಟರ್‌ಗೆ ಬರುತ್ತದೆ. ಆದರೆ 2 ಮಿಲಿಮೀಟರಿಗಿಂತ ಚಿಕ್ಕ ಹರಡುವಿಕೆ ಇದರ ಕಣ್ಣು ತಪ್ಪಿಸಬಹುದು. ಗ್ರಂಥಿಯನ್ನು ಮೇಣದಲ್ಲಿ ಹುದುಗಿಸಿ ನೋಡಿ, ಕೆಲವು ದಿನಗಳ ನಂತರ ಕೊಡುವ ಪ್ಯಾರಾಫಿನ್ ವರದಿಯೇ ಅಂತಿಮ. ‘ಅಂದು ಇಲ್ಲ ಅಂದಿದ್ದರು, ಈಗ ಇದೆ ಅನ್ನುತ್ತಿದ್ದಾರೆ’ ಎಂಬ ಗೊಂದಲ ಹುಟ್ಟುವುದು ಇಲ್ಲೇ.

ಇದೆ ಎಂದರೂ ಎಲ್ಲ ಗ್ರಂಥಿ ತೆಗೆಯಲೇಬೇಕೆಂದಿಲ್ಲ. 5 ಸೆಂಟಿಮೀಟರಿಗಿಂತ ಹೆಚ್ಚಿಲ್ಲದ ಗಡ್ಡೆ, ಸ್ತನ ಉಳಿಸುವ ಶಸ್ತ್ರಚಿಕಿತ್ಸೆ, ಬಳಿಕ ಇಡೀ ಸ್ತನಕ್ಕೆ ರೇಡಿಯೇಷನ್, ಒಂದೆರಡು ಗ್ರಂಥಿಯಲ್ಲಷ್ಟೇ ಕ್ಯಾನ್ಸರ್: ಇಂಥವರಲ್ಲಿ ಉಳಿದವನ್ನು ಬಿಟ್ಟರೂ ಬದುಕುಳಿಯುವಿಕೆ ಕುಗ್ಗಲಿಲ್ಲ ಎಂದು 2011ರಲ್ಲಿ ಪ್ರಕಟವಾದ ಅಮೆರಿಕದ ಜೆಡ್0011 ಅಧ್ಯಯನ ತೋರಿಸಿತು. ಆಪರೇಷನ್‌ಗೆ ಮೊದಲೇ ಕೀಮೋ ಪಡೆದವರಿಗೆ ಈ ಲೆಕ್ಕ ಅನ್ವಯಿಸದು.

ಹಾಗಾಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಕೇಳಿ: ‘ಡಾಕ್ಟ್ರೇ, ಫ್ರೋಜನ್‌ನಲ್ಲಿ ಇದೆ ಅಂತ ಬಂದರೆ ಏನು ಮಾಡ್ತೀರಿ? ಆಮೇಲಿನ ವರದಿ ಬೇರೆ ಬಂದರೆ ಇನ್ನೊಂದು ಆಪರೇಷನ್ ಬೇಕಾಗುತ್ತಾ?’ ಗರ್ಭಿಣಿಯಾಗಿದ್ದರೆ, ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮರೆಯದೆ ತಿಳಿಸಿ. ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಅಂಥವರಿಗೆ ತೊಂದರೆ ಮಾಡಬಹುದು. ನೀಲಿ ಬಣ್ಣ ಹಾಕಿದ್ದರೆ ಒಂದೆರಡು ದಿನ ಮೂತ್ರ ಹಸಿರು-ನೀಲಿಯಾಗಿ ಹೋಗುತ್ತದೆ, ಗಾಬರಿ ಬೇಡ.