ಊರೂರು ಸುತ್ತಿದ ಸ್ಟ್ರೈಕರ್‌ನ ಕೆರಿಯರನ್ನು ಒಂದೇ ಚಾರ್ಟ್ ಶೀಟಿನಲ್ಲಿ ಬರೆಯುವುದು ಹೇಗೆ

ಕಳೆದ ತಿಂಗಳು ಅಕ್ಕನ ಮಗ ಮಂಡ್ಯದ ನಮ್ಮ ಮನೆಗೆ ಬಂದಿದ್ದ. ಎಂಟನೇ ಕ್ಲಾಸು. ಸ್ಕೂಲಿನಲ್ಲಿ 'ನನ್ನ ಮೆಚ್ಚಿನ ಆಟಗಾರ' ಅಂತ ಪ್ರಾಜೆಕ್ಟ್ ಕೊಟ್ಟಿದ್ದರು. ಕ್ಲಾಸಿನಲ್ಲಿ ಮುಕ್ಕಾಲು ಪಾಲು ಕೊಹ್ಲಿ, ಉಳಿದವರು ಮೆಸ್ಸಿ ಇಲ್ಲ ರೊನಾಲ್ಡೊ. ಇವನಿಗೆ ಬೇರೆ ಯಾರೂ ಮುಟ್ಟದ ಆಟಗಾರ ಬೇಕಿತ್ತು. ನಾನು ನೈಜೀರಿಯಾದ ಫುಟ್‌ಬಾಲ್ ಸ್ಟ್ರೈಕರ್, ಅಂದರೆ ಮುಂದೆ ನಿಂತು ಗೋಲು ಹೊಡೆಯುವ ಆಟಗಾರ, ಬಾರ್ತಲೋಮ್ಯೂ ಒಗ್ಬೆಚೆ ಹೆಸರು ಹೇಳಿದೆ. ಮೊಬೈಲಿನಲ್ಲಿ ಕ್ಲಬ್‌ಗಳ ಪಟ್ಟಿ ಎಳೆದೂ ಎಳೆದೂ ಹುಡುಗನ ಹೆಬ್ಬೆರಳು ಸೋತಿತು. "ಏನ್ ಮಾಮ ಇವ್ನು, ಎಲ್ಲೂ ನಿಲ್ಲೋದೇ ಇಲ್ವಲ್ಲ! ಎಲ್ರೂ ಓಡಿಸಿಬಿಟ್ರಾ?"

ಪಟ್ಟಿ ನೋಡಿದರೆ ಹಾಗೇ ಅನಿಸುತ್ತದೆ. ಫ್ರಾನ್ಸ್, ಯುಎಇ, ಸ್ಪೇನ್, ಗ್ರೀಸ್, ಇಂಗ್ಲೆಂಡ್, ಮತ್ತೆ ಸ್ಪೇನ್, ನೆದರ್ಲೆಂಡ್ಸ್, ಕೊನೆಗೆ ನಮ್ಮ ದೇಶ. ಇಲ್ಲಿಗೆ ಬಂದ ಮೇಲಾದರೂ ಒಂದು ಕಡೆ ಕೂತನಾ ಅಂದರೆ ಅದೂ ಇಲ್ಲ. ಗುವಾಹಟಿ, ಕೊಚ್ಚಿ, ಮುಂಬೈ, ಹೈದರಾಬಾದ್. ಇದನ್ನು ಹಾಗೇ ಇಳಿಸಿ ಬರೆದರೆ ರೈಲ್ವೆ ಟೈಮ್ ಟೇಬಲ್ ಆಗುತ್ತದೆ. ಅದು ಬೇಡ ಅಂತ ನಾವಿಬ್ಬರೂ ಎರಡು ಸಂಜೆ ಕೂತು ಏನೇನು ಮಾಡಿದೆವೋ ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಯಾವ ಆಟಗಾರನಿಗಾದರೂ ಇದೇ ದಾರಿ ನಡೆಯುತ್ತದೆ.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಒಂದು ಬಿಳಿ ಚಾರ್ಟ್ ಶೀಟು, ಸ್ಕೇಲು, ಪೆನ್ಸಿಲ್, ರಬ್ಬರ್. ಸ್ಕೆಚ್ ಪೆನ್ನನ್ನು ಮಾತ್ರ ಕೈಗೆ ಸಿಗದ ಹಾಗೆ ಅಟ್ಟದ ಮೇಲೆ ಎತ್ತಿಡಿ. ನಮ್ಮ ಹುಡುಗ ಮೊದಲನೇ ಶೀಟಿನಲ್ಲಿ ನೇರವಾಗಿ ಕೆಂಪು ಸ್ಕೆಚ್ ಪೆನ್ನಲ್ಲೇ ಶುರು ಮಾಡಿ ಮೂರನೇ ಸಾಲಿಗೇ ಎಡವಿದ. ರಾತ್ರಿ ಎಂಟೂವರೆಗೆ ನಾನು ವಿ.ವಿ. ರೋಡಿಗೆ ಓಡಿ, ಅರ್ಧ ಶಟರ್ ಎಳೆದಿದ್ದ ಅಂಗಡಿಯವರ ಹತ್ತಿರ ಗೋಗರೆದು ಇನ್ನೊಂದು ಶೀಟು ತಂದೆ.

ಶೀಟನ್ನು ಅಡ್ಡಡ್ಡ ಇಟ್ಟುಕೊಂಡು ಆರು ಕಾಲಂ ಹಾಕಿ: ಸೀಸನ್, ವಯಸ್ಸು, ಕ್ಲಬ್, ಮ್ಯಾಚು, ಗೋಲು, ಆಮೇಲೆ 'ಯಾಕೆ'. ಈ ಕೊನೆಯ ಕಾಲಂಗೆ ಶೀಟಿನ ಅರ್ಧ ಜಾಗ ಬಿಡಿ. ಉಳಿದ ಐದೂ ಯಾವ ಮೊಬೈಲಿನಲ್ಲಾದರೂ ಸಿಗುತ್ತವೆ. ಆರನೆಯದನ್ನು ನೀವೇ ಹುಡುಕಿ ಬರೆಯಬೇಕು. ಕೆಲಸ ಇರುವುದೂ ಅಲ್ಲೇ, ಮಜಾ ಇರುವುದೂ ಅಲ್ಲೇ.

ಒಂದು ಕ್ಲಬ್‌ಗೆ ಒಂದು ಸಾಲು ಅಂತ ಮಾಡಬೇಡಿ. ಒಂದು ಸೀಸನ್‌ಗೆ ಒಂದು ಸಾಲು ಮಾಡಿ. ಯುರೋಪಿನ ಸೀಸನ್ ಆಗಸ್ಟ್ ಸುಮಾರಿಗೆ ಶುರುವಾಗಿ ಮುಂದಿನ ಮೇ ತಿಂಗಳಿಗೆ ಮುಗಿಯುತ್ತದೆ, ನಮ್ಮ ಸ್ಕೂಲುಗಳ ವರ್ಷ ಇದ್ದ ಹಾಗೆ. ಅದಕ್ಕೇ 2004 ಅಂತ ಬರೆದರೆ ಯಾವುದು ಅಂತ ಗೊತ್ತಾಗುವುದಿಲ್ಲ, 2004–05 ಅಂತ ಬರೆಯಬೇಕು. ವಯಸ್ಸಿನ ಕಾಲಂ ಸುಮ್ನೆ ಅಲಂಕಾರಕ್ಕೆ ಅಂತ ಹುಡುಗ ಅಂದುಕೊಂಡಿದ್ದ. ಒಗ್ಬೆಚೆ ಹುಟ್ಟಿದ್ದು 1984ರ ಅಕ್ಟೋಬರ್ 1ಕ್ಕೆ. 2002ರ ವಿಶ್ವಕಪ್‌ನಲ್ಲಿ ನೈಜೀರಿಯಾ ಪರ ಆಡಿದಾಗ ಇನ್ನೂ 17 ವರ್ಷ. ಅರ್ಜೆಂಟೀನಾ, ಸ್ವೀಡನ್, ಇಂಗ್ಲೆಂಡ್ ಇದ್ದ ಗುಂಪು ಅದು, ಎಂಥ ದೊಡ್ಡ ತಂಡಗಳಿಗೂ ಬೆವರಿಳಿಸುವಂಥದ್ದು. ನೈಜೀರಿಯಾ ಮುಂದಕ್ಕೆ ಹೋಗಲಿಲ್ಲ ಬಿಡಿ. ಆದರೆ ನಮ್ಮ ಕಡೆ ಹುಡುಗರು ಪಿಯುಸಿಗೆ ಯಾವ ಕಾಲೇಜು ಅಂತ ಯೋಚಿಸುವ ವಯಸ್ಸಿನಲ್ಲಿ ಈತ ಅರ್ಜೆಂಟೀನಾ ಡಿಫೆಂಡರ್‌ಗಳ ಮಧ್ಯೆ ನಿಂತಿದ್ದ. ಈಗ ಅದೇ ಕಾಲಂನಲ್ಲಿ ಕೆಳಕ್ಕೆ ಬನ್ನಿ. ಭಾರತದಲ್ಲಿ ಗೋಲ್ಡನ್ ಬೂಟ್ (ಸೀಸನ್ನಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಬಹುಮಾನ) ಗೆದ್ದಾಗ 37. ಎರಡು ಸಂಖ್ಯೆಯ ಮಧ್ಯೆ ಇಪ್ಪತ್ತು ವರ್ಷ. ಇಪ್ಪತ್ತು ವರ್ಷ ಎಲ್ಲರೂ ಓಡಿಸಿದವನು ಇಷ್ಟು ದಿನ ಆಡುತ್ತಿರಲಿಲ್ಲ, ಅಲ್ವಾ?

ದೇಶದ ಪರ ಆಡಿದ್ದನ್ನು ಕ್ಲಬ್ ಲೆಕ್ಕಕ್ಕೆ ಸೇರಿಸಬೇಡಿ. ಶೀಟಿನ ಮೇಲ್ಭಾಗದಲ್ಲಿ ಬೇರೆ ಪಟ್ಟಿ ಎಳೆದು ಅಲ್ಲಿ ಬರೆಯಿರಿ.

ಮೊದಲ ಶೀಟು ಹಾಳಾದದ್ದು ಲೋನ್ ಅನ್ನುವ ವಿಷಯಕ್ಕೆ. ಒಗ್ಬೆಚೆ 2001ರಿಂದ ಪ್ಯಾರಿಸ್ ಸೇಂಟ್ ಜರ್ಮೇನ್ (ಪಿಎಸ್‌ಜಿ) ಕ್ಲಬ್ಬಿನ ಆಟಗಾರ. ರೊನಾಲ್ಡಿನೊ, ಒಕೋಚಾ ಥರದ ಸ್ಟಾರ್ ಆಟಗಾರರೆಲ್ಲ ಅದೇ ಕ್ಲಬ್‌ನಲ್ಲಿದ್ದ ಕಾಲ. ಅಲ್ಲಿದ್ದುಕೊಂಡೇ ಬಾಸ್ಟಿಯಾಗೆ, ಮೆಟ್ಜ್‌ಗೆ ಹೋಗಿ ಆಡಿ ಬಂದ. ಹುಡುಗ ಅದನ್ನು 'ಪಿಎಸ್‌ಜಿ ಬಿಟ್ಟ' ಅಂತ ಕೆಂಪಗೆ ಬರೆದುಬಿಟ್ಟ. ಅವನಿಗೆ ಹೀಗೆ ಹೇಳಿದೆ: ನಿಮ್ಮ ತಾತ ಉಳುಮೆಗೆ ಪಕ್ಕದ ಹೊಲದವರಿಗೆ ಎತ್ತು ಬಾಡಿಗೆಗೆ ಕೊಡುತ್ತಿದ್ದರಲ್ಲ, ಎತ್ತು ಯಾರದ್ದು? ತಾತಂದೇ. ಕೆಲಸ ಮಾತ್ರ ಬೇರೆಯವರ ಹೊಲದಲ್ಲಿ. ಲೋನ್ ಅಂದರೆ ಅದೇ. ದೊಡ್ಡ ಕ್ಲಬ್‌ನಲ್ಲಿ ಬೆಂಚ್ ಮೇಲೆ ಕೂರುವ ಬದಲು ಹುಡುಗ ಬೇರೆ ಕಡೆ ಮ್ಯಾಚ್ ಆಡಲಿ ಅಂತ ಕಳಿಸುತ್ತಾರೆ. ಅಂಥ ಸಾಲುಗಳನ್ನು ಸ್ವಲ್ಪ ಒಳಗೆ ತಳ್ಳಿ ಬರೆದು, ಪಕ್ಕದಲ್ಲಿ ಚಿಕ್ಕದಾಗಿ 'ಲೋ' ಅಂತ ಗುರುತು ಹಾಕಿ.

ಮಧ್ಯದ ವರ್ಷಗಳನ್ನು ಬೇಗ ಬೇಗ ತುಂಬಿಸಿ. ಅಬುಧಾಬಿಯ ಅಲ್ ಜಜೀರಾ, ಸ್ಪೇನಿನ ಅಲಾವೆಸ್, ವಲ್ಲಾಡೊಲಿಡ್, ಕಾಡಿಜ್, ಗ್ರೀಸಿನ ಕವಾಲಾ, ಇಂಗ್ಲೆಂಡಿನ ಮಿಡಲ್ಸ್‌ಬ್ರೋ, ಆಮೇಲೆ ಸ್ಪೇನಿನ ಶೆರೆಜ್, ಡಚ್ ಲೀಗಿನ ಕ್ಯಾಂಬೂರ್ ಮತ್ತು ವಿಲ್ಲೆಮ್ II. ಎಲ್ಲದಕ್ಕೂ 'ಯಾಕೆ' ಸಿಗಲ್ಲ, ಸಿಗದಿದ್ದರೆ ಖಾಲಿ ಬಿಡಿ, ಕಥೆ ಕಟ್ಟಬೇಡಿ. ಆದರೆ ಒಂದು ಕಡೆ ಆಟಗಾರನನ್ನು ಬಿಟ್ಟು ಕ್ಲಬ್ಬನ್ನೇ ನೋಡಬೇಕು, ಅದು ಕವಾಲಾ. 2011ರ ಬೇಸಿಗೆಯಲ್ಲಿ ಗ್ರೀಸಿನಲ್ಲಿ ಮ್ಯಾಚ್ ಫಿಕ್ಸಿಂಗ್ ಹಗರಣ ಎದ್ದು ಕವಾಲಾ ಕ್ಲಬ್ಬನ್ನು ಮೇಲಿನ ಲೀಗಿನಿಂದಲೇ ಕೆಳಗೆ ತಳ್ಳಿದರು. ಅದೇ ವರ್ಷ ಒಗ್ಬೆಚೆ ಮಿಡಲ್ಸ್‌ಬ್ರೋ ಸೇರಿದ. ಪಟ್ಟಿಯಲ್ಲಿ ಇದು 'ಒಂದೇ ವರ್ಷಕ್ಕೆ ಬಿಟ್ಟ' ಅಂತ ಕಾಣುತ್ತದೆ. ಛಾವಣಿಯೇ ಹಾರಿಹೋದ ಮನೆಯಲ್ಲಿ ಬಾಡಿಗೆದಾರ ಯಾಕೆ ನಿಲ್ಲಲಿಲ್ಲ ಅಂತ ಕೇಳಿದ ಹಾಗಾಯಿತು.

ಈಗ ಭಾರತದ ಐದು ಸೀಸನ್. ಇಲ್ಲಿ ನಿಧಾನ ಮಾಡಿ. ಮೊದಲು ಗೋಲುಗಳನ್ನು ಬರೆದುಕೊಳ್ಳಿ: 2018–19ರಲ್ಲಿ ನಾರ್ತ್‌ಈಸ್ಟ್ ಯುನೈಟೆಡ್‌ಗೆ 12, 2019–20ರಲ್ಲಿ ಕೇರಳ ಬ್ಲಾಸ್ಟರ್ಸ್‌ಗೆ 15, 2020–21ರಲ್ಲಿ ಮುಂಬೈ ಸಿಟಿಗೆ 8, 2021–22ರಲ್ಲಿ ಹೈದರಾಬಾದ್‌ಗೆ 18, 2022–23ರಲ್ಲಿ ಅದೇ ಹೈದರಾಬಾದ್‌ಗೆ 10. ಎಲ್ಲವೂ ಐಎಸ್‌ಎಲ್ (ನಮ್ಮ ಇಂಡಿಯನ್ ಸೂಪರ್ ಲೀಗ್) ಗೋಲುಗಳು ಮಾತ್ರ. ಬೇರೆ ಕಪ್‌ಗಳ ಗೋಲು ಇದಕ್ಕೆ ಸೇರಿಸಿದರೆ ಕೊನೆಯ ಮೊತ್ತ ತಪ್ಪುತ್ತದೆ.

ಗೋಲನ್ನು ಮ್ಯಾಚಿನಿಂದ ಭಾಗಿಸುವುದನ್ನು ಮರೆಯಬೇಡಿ. ಹೈದರಾಬಾದ್‌ನಲ್ಲಿ 20 ಮ್ಯಾಚಿಗೆ 18, ಅಂದರೆ ಮ್ಯಾಚಿಗೆ 0.9. ಕೇರಳದಲ್ಲಿ 16 ಮ್ಯಾಚಿಗೆ 15, ಅಂದರೆ 0.94. ಗೋಲು ಕಡಿಮೆ ಇದ್ದರೂ ಲೆಕ್ಕದಲ್ಲಿ ಕೇರಳದ ವರ್ಷವೇ ಒಂದು ಕೂದಲು ಮೇಲೆ! ಆದರೂ ಆ ವರ್ಷ ಬೂಟ್ ಸಿಗಲಿಲ್ಲ. ಮೂರು ಜನ 15ಕ್ಕೆ ನಿಂತರು, ಟೈ ಬಿಡಿಸಿದಾಗ ಅದು ಚೆನ್ನೈಯಿನ್‌ನ ವಾಲ್ಸ್‌ಕಿಸ್ ಪಾಲಾಯಿತು. ಇನ್ನೂ ವಿಚಿತ್ರ ಏನಂದರೆ ಒಗ್ಬೆಚೆ 15 ಹೊಡೆದರೂ ಬ್ಲಾಸ್ಟರ್ಸ್ ಏಳನೇ ಸ್ಥಾನಕ್ಕೆ ಬಿತ್ತು.

ಮರುವರ್ಷದ ಸಾಲು ಓದಿ. ಬರೀ 8 ಗೋಲು. ಹುಡುಗ ಪಕ್ಕದಲ್ಲಿ 'ಫಾರ್ಮ್ ಹೋಯ್ತು' ಅಂತ ಬರೆಯಲು ಹೊರಟ, ಕೈ ಹಿಡಿದೆ. ಆ ವರ್ಷ ಮುಂಬೈನಲ್ಲಿ ಸ್ಟ್ರೈಕರ್ ಜಾಗಕ್ಕೆ ಆಡಂ ಲ ಫಾಂಡ್ರೆ ಅನ್ನುವ ಇಂಗ್ಲಿಷ್ ಆಟಗಾರನೂ ಇದ್ದ. ಇಬ್ಬರ ಮಧ್ಯೆ ಸಮಯ ಹಂಚಿಹೋಯಿತು. ಮುಂಬೈ ಲೀಗ್ ಶೀಲ್ಡೂ (ಪಾಯಿಂಟ್ ಪಟ್ಟಿಯಲ್ಲಿ ಮೊದಲು ಬಂದವರಿಗೆ) ಗೆದ್ದಿತು, ಟ್ರೋಫಿಯೂ (ಫೈನಲ್ ಗೆದ್ದವರಿಗೆ) ಗೆದ್ದಿತು. ಎಟಿಕೆ ಮೋಹನ್ ಬಾಗಾನ್ ಎದುರಿನ ಫೈನಲ್‌ನಲ್ಲಿ ಮ್ಯಾಚು 1–1 ಇದ್ದಾಗ, ಕೊನೆಯ ನಿಮಿಷದಲ್ಲಿ ಎದುರಾಳಿ ಗೋಲ್‌ಕೀಪರ್ ಮುಂದಕ್ಕೆ ಓಡಿಬಂದ, ಒಗ್ಬೆಚೆ ಚೆಂಡನ್ನು ಕಾಪಾಡಿಕೊಂಡು ಮಧ್ಯಕ್ಕೆ ತಳ್ಳಿದ, ಬಿಪಿನ್ ಸಿಂಗ್ ಒಳಗೆ ಹಾಕಿದ. ಗೋಲಿನ ಕಾಲಂನಲ್ಲಿ ಇದಕ್ಕೆ ಜಾಗ ಇಲ್ಲ. 'ಯಾಕೆ' ಕಾಲಂ ಅಗಲ ಇರಲಿ ಅಂದದ್ದು ಇಂಥದ್ದಕ್ಕೇ.

ಇನ್ನೊಂದು, ಕೋಚ್ ಯಾರು ಅಂತ ನೋಡಿ. ನಾರ್ತ್‌ಈಸ್ಟ್‌ನಿಂದ ಕೇರಳಕ್ಕೆ ಯಾಕೆ ಹೋದ ಅಂದರೆ ಉತ್ತರ ಅರ್ಧ ಅಲ್ಲೇ ಇದೆ. ಕೋಚ್ ಎಲ್ಕೊ ಸ್ಖಾಟೋರಿ ಕೂಡ ಅದೇ ವರ್ಷ ಗುವಾಹಟಿ ಬಿಟ್ಟು ಕೊಚ್ಚಿಗೆ ಬಂದರು. ಅಡುಗೆ ಭಟ್ಟರು ಬೇರೆ ಛತ್ರಕ್ಕೆ ಹೋದರೆ ಕೈಯಾಳು ಹಿಂದೆಯೇ ಹೋಗುತ್ತಾನಲ್ಲ, ಫುಟ್‌ಬಾಲ್‌ನಲ್ಲೂ ಅಷ್ಟೆ.

ಊರುಗಳನ್ನು ಮ್ಯಾಪಿನ ಮೇಲೆ ಗುರುತಿಸಿ ದಾರ ಎಳೆಯುವ ಆಸೆ ಮಕ್ಕಳಿಗೆ ಬಂದೇ ಬರುತ್ತದೆ. ಎಳೆಯಲಿ, ಆದರೆ ಹುಷಾರು. 2020–21 ಮತ್ತು 2021–22ರ ಐಎಸ್‌ಎಲ್ ಪೂರ್ತಿ ಗೋವಾದಲ್ಲೇ ನಡೆಯಿತು, ಕೊರೋನಾ ಕಾರಣಕ್ಕೆ. ಆಟಗಾರರನ್ನು ಹೋಟೆಲಿನಲ್ಲಿಟ್ಟು ಫತೋರ್ಡಾ, ಬಾಂಬೋಳಿ, ವಾಸ್ಕೊ ಮೈದಾನಗಳಲ್ಲಿ ಆಡಿಸಿದರು. ಹಾಗಾಗಿ ಮುಂಬೈ ಸಿಟಿ ಆಟಗಾರನಾಗಿ ಒಗ್ಬೆಚೆ ಮುಂಬೈನಲ್ಲಿ ಒಂದೂ ಐಎಸ್‌ಎಲ್ ಮ್ಯಾಚ್ ಆಡಿಲ್ಲ. ಹೈದರಾಬಾದ್‌ಗೆ ಹೊಡೆದ ಆ 18 ಗೋಲೂ ಗೋವಾದಲ್ಲೇ. ಕೇರಳ ಬ್ಲಾಸ್ಟರ್ಸ್ ಎದುರು ಪೆನಾಲ್ಟಿಯಲ್ಲಿ ಗೆದ್ದ 2022ರ ಫೈನಲ್ ಕೂಡ ಫತೋರ್ಡಾದಲ್ಲಿ. ಎದುರಿಗೆ ಅವನದೇ ಹಳೆಯ ಕ್ಲಬ್ಬು ನೋಡಿ! ಜಗತ್ತೆಲ್ಲ ಸುತ್ತಿದವನ ಅತ್ಯುತ್ತಮ ಎರಡು ವರ್ಷ ಒಂದೇ ಪುಟ್ಟ ರಾಜ್ಯದೊಳಗೆ ಕಳೆದವು. ಇದನ್ನು ಮ್ಯಾಪಿನಲ್ಲಿ ತೋರಿಸಲು ಹುಡುಗ ಗೋವಾ ಮೇಲೆ ಎರಡು ಗುಂಡುಪಿನ್ ಚುಚ್ಚಿದ. ನನಗೆ ಹೊಳೆದಿರಲಿಲ್ಲ.

ಎಲ್ಲ ಮುಗಿದ ಮೇಲೆ ಮೊತ್ತ ತಾಳೆ ನೋಡಿ. 12, 15, 8, 18, 10. ಕೂಡಿದರೆ 63. ಒಗ್ಬೆಚೆ ಐಎಸ್‌ಎಲ್‌ನಲ್ಲಿ ಹೊಡೆದ ಒಟ್ಟು ಗೋಲು 63, ಸರಿಹೋಯಿತು. ನಿಮ್ಮ ಆಟಗಾರನ ಲೆಕ್ಕ ತಾಳೆಯಾಗದಿದ್ದರೆ ಮೊದಲು ಲೋನ್ ಸಾಲು ನೋಡಿ, ಆಮೇಲೆ ಕಪ್ ಗೋಲು ಸೇರಿದೆಯಾ ನೋಡಿ. ತಪ್ಪು ಇರುವುದು ಹೆಚ್ಚಾಗಿ ಆ ಎರಡರಲ್ಲೇ. ದಾಖಲೆ ಅಂತ ಏನಾದರೂ ಬರೆದರೆ ಪಕ್ಕದಲ್ಲಿ ಯಾವಾಗಿನವರೆಗೆ ಅಂತಲೂ ಬರೆಯಿರಿ. ಐಎಸ್‌ಎಲ್‌ನಲ್ಲಿ ಅತಿ ಹೆಚ್ಚು ಗೋಲು ಅನ್ನುವ ದಾಖಲೆ ಈಗ ಒಗ್ಬೆಚೆಯದ್ದಲ್ಲ. 2024ರಲ್ಲಿ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ 64ನೆಯದನ್ನು ಹೊಡೆದರು.

ಇದೇ ಥರ ಇನ್ನೊಂದು ಮಾಡಬೇಕು ಅಂದರೆ ಘಾನಾದ ಅಸಮೋವಾ ಜ್ಯಾನ್ ತೆಗೆದುಕೊಳ್ಳಿ. ಇಟಲಿ, ಫ್ರಾನ್ಸ್, ಇಂಗ್ಲೆಂಡ್, ಯುಎಇ, ಚೀನಾ, ಟರ್ಕಿ ಎಲ್ಲ ಮುಗಿಸಿ 2019ರಲ್ಲಿ ಒಗ್ಬೆಚೆ ಬಿಟ್ಟುಹೋದ ನಾರ್ತ್‌ಈಸ್ಟ್‌ಗೇ ಬಂದವನು. ಅದಕ್ಕೆ ಬೇಕಾದರೆ ಎರಡು ಶೀಟು ಒಟ್ಟಿಗೆ ತಂದಿಟ್ಟುಕೊಳ್ಳಿ.

ಶೀಟಿನ ಕೆಳಗೆ ಎರಡು ಬೆರಳಗಲ ಖಾಲಿ ಜಾಗ ಬಿಡಿ, ಏನಾದರೂ ಅಂಟಿಸಲು. ನಾನು ನನ್ನ ಹಳೆಯ ಪರ್ಸಿನಲ್ಲಿದ್ದ ಒಂದು ಟಿಕೆಟ್ ಕೊಟ್ಟೆ. 2019ರ ಮಾರ್ಚ್, ಸೆಮಿಫೈನಲ್, ಬೆಂಗಳೂರು ಎಫ್‌ಸಿ ಎದುರು ನಾರ್ತ್‌ಈಸ್ಟ್, ಕಂಠೀರವ. ಒಗ್ಬೆಚೆಯನ್ನು ಕಣ್ಣಾರೆ ನೋಡಬೇಕು ಅಂತ ಆಫೀಸಿಗೆ ಜ್ವರ ಅಂತ ಹೇಳಿ ಮಂಡ್ಯದಿಂದ ಹೋಗಿದ್ದೆ. ಎರಡು ಮ್ಯಾಚಿನ ಸೆಮಿಫೈನಲ್ಲಿನ ಮೊದಲ ಮ್ಯಾಚಿನಲ್ಲಿ, ಗುವಾಹಟಿಯಲ್ಲಿ, ಗಾಯ ಮಾಡಿಕೊಂಡಿದ್ದರಿಂದ ಆತ ಆ ದಿನ ಇಳಿಯಲೇ ಇಲ್ಲ. ನಮ್ಮ ಬೆಂಗಳೂರು 3–0 ಗೆದ್ದಿತು, ಸುತ್ತ ಎಲ್ಲರೂ ಕುಣಿಯುತ್ತಿದ್ದರು, ನಾನು ಅರ್ಧ ಮನಸ್ಸಿನಲ್ಲಿ ಚಪ್ಪಾಳೆ ಹೊಡೆದು ಸ್ಯಾಟಲೈಟ್ ಬಸ್‌ಸ್ಟ್ಯಾಂಡಿಗೆ ಹೋದೆ. ಹುಡುಗ ಟಿಕೆಟ್ಟನ್ನು ಫೆವಿಕಾಲ್ ಹಾಕಿ ಅಂಟಿಸಿ, ಕೆಳಗೆ ಪೆನ್ಸಿಲ್‌ನಲ್ಲಿ ದುಂಡಗೆ ಬರೆದ: 'ಈ ಮ್ಯಾಚಿನಲ್ಲಿ ಒಗ್ಬೆಚೆ ಆಡಲಿಲ್ಲ. ಮಾಮ ನೋಡೋಕೆ ಹೋಗಿದ್ರು.'